ರೋನನ್‌ನ ಅಣಕು ಸಂದರ್ಶನ

ಮಿಲ್ವಾಕಿ, ಮಾರ್ಚ್ ೧೧, ಬುಧವಾರ

ಕಣ್ಣು ಎಳೆಯುತ್ತಿದೆ, ಆದರೂ ಬರೆಯದೆ ಮಲಗಲಾರೆ. ನಮ್ಮ ರಂಗಭೂಮಿ ವಿಭಾಗದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೆಲಸ ಕೇಳುವುದನ್ನು ಕಲಿಸುವ ಹೊಣೆ ಈ ವರ್ಷವೂ ನನ್ನದೇ. ಕಾಲೇಜುಗಳಲ್ಲಿ ಕೆಲಸಗಳೇ ಇಲ್ಲ, ಕಲಿಸುವುದು ಮಾತ್ರ ನಿಂತಿಲ್ಲ.

ಇವತ್ತು ರೋನನ್‌ನ ಸರದಿ. ಕಾರ್ಖಾನೆ ಕಾರ್ಮಿಕರು ಆಡುತ್ತಿದ್ದ ನಾಟಕಗಳ ಮೇಲೆ ಆರು ವರ್ಷ ಸಂಶೋಧನೆ ಮಾಡಿದವನು. ನಾನು ಮತ್ತು ಸಹೋದ್ಯೋಗಿ ಡೊರೀನ್ ಆಯ್ಕೆ ಸಮಿತಿಯವರಂತೆ ಮುಖ ಬಿಗಿದು ಕೂತೆವು. ಅವನು ಎಂದೂ ಇಲ್ಲದಷ್ಟು ಚೆನ್ನಾಗಿ ಮಾತಾಡಿದ. ಕೊನೆಗೆ ಡೊರೀನ್, "ಯಾವಾಗಿಂದ ಕೆಲಸಕ್ಕೆ ಬರ್ತೀರಿ?" ಎಂದು ಕೇಳಿದಳು.

ರೋನನ್ ತಲೆ ತಗ್ಗಿಸಿದ. "ಬರಲ್ಲ. ನಿನ್ನೆ ವಿಮಾ ಕಂಪನಿ ಕೆಲಸಕ್ಕೆ ಒಪ್ಕೊಂಡೆ. ಮನೇಲಿ ಮಗು ಹುಟ್ಟೋದಿದೆಯಲ್ಲ."

"ಮತ್ತೆ ಇವತ್ತು ಯಾಕಪ್ಪ ಬಂದೆ?" ಎಂದೆ.

"ಒಂದು ಸಲನಾದ್ರೂ ಮೇಷ್ಟ್ರ ಕೆಲಸ ಕೇಳಿ ನೋಡೋಣ ಅನ್ನಿಸ್ತು, ಹೆಲ್ಗಾ. ನೀವು ಬಿಟ್ರೆ ಇನ್ಯಾರು ಕರೀತಾರೆ ನನ್ನ?"

ಡೊರೀನ್ ಎದ್ದು ಅವನ ಕೈ ಕುಲುಕಿ, "ಕೆಲಸ ನಿಮ್ಮದೇ" ಎಂದಳು. ಅವನು ನಕ್ಕ. ನಕ್ಕವನು ಬಹಳ ಹೊತ್ತು ಕುರ್ಚಿ ಬಿಟ್ಟು ಏಳಲಿಲ್ಲ. ನಾವೂ ಏಳಿಸಲಿಲ್ಲ.

ಬರುವ ಬುಧವಾರ ಇನ್ನೊಬ್ಬಳಿದ್ದಾಳೆ. ಅವಳಿಗಿನ್ನೂ ಆಸೆಯಿದೆ. ಅವಳಿಗೆ ನಾನು ಏನಂತ ಹೇಳಿಕೊಡಲಿ?