ಅರ್ಪಿತಳ ಸೂರ್ಯಾಸ್ತ

ನಂಜನಗೂಡು, 2 ಏಪ್ರಿಲ್ 1998

ಮೌಲ್ಯಮಾಪನ ಕೇಂದ್ರದ ಮುಖ್ಯಸ್ಥರಿಗೆ ವಂದನೆಗಳು.

ಕಣ್ಣು ಕಾಣದ ಅರ್ಪಿತ ಇಂದು ಹತ್ತನೇ ತರಗತಿಯ ಕನ್ನಡ ಪರೀಕ್ಷೆಯಲ್ಲಿ ‘ನಾನು ಕಂಡ ಸೂರ್ಯಾಸ್ತ’ ಪ್ರಬಂಧ ಬರೆಸಿದ್ದಾಳೆ. ಬೇರೆ ವಿಷಯ ಕೊಟ್ಟಿರಲಿಲ್ಲ. ತಿಳಿಸಿದವರು ಕೊಠಡಿ ಮೇಲ್ವಿಚಾರಕಿ ಪುಟ್ಟಬಸಮ್ಮ.

ಅರ್ಪಿತ ಹೇಳಿದ್ದನ್ನು ಬರೆಯುತ್ತಿದ್ದ ಒಂಬತ್ತನೇ ತರಗತಿಯ ಕವನ, “ಅಕ್ಕ, ಆಕಾಶ ಕೆಂಪಾಯ್ತು ಅಂತ ಸೇರಿಸ್ಲಾ? ಮಾರ್ಕ್ಸ್ ಬತ್ತದೆ” ಎಂದಳಂತೆ.

“ನಾ ಕಾಣದ್ದ ಬರೀಬ್ಯಾಡ ಕಣೇ. ಒಳೆ ಮೆಟ್ಲು ಒಂದೊಂದಾಗಿ ತಣ್ಗಾಯ್ತು, ಕೊನೇದೂ ಬಿಸಿ ಆರುದ್ಮೇಲೆ ಎದ್ದೆ ಅಂತ ಬರಿ.”

ಕಪಿಲೆಯ ಆ ಮೆಟ್ಟಿಲುಗಳನ್ನು ಇಪ್ಪತ್ತು ವರ್ಷ ಇಳಿದ ನನಗೆ ಇದು ಗೊತ್ತಿರಲಿಲ್ಲ. ಸಂಜೆ ಹೋಗಿ ಅಂಗೈ ಇಟ್ಟು ನೋಡಿದೆ. ಅವಳು ಬರೆಸಿದಂತೆಯೇ ಆರಿದವು. ಬೆರಗಾದೆ.

ಬಣ್ಣಗಳಿಲ್ಲವೆಂದು ಅಂಕ ಕಳೆಯಬಾರದೆಂದು ಕೋರಿಕೆ. ಮುಂದೆ ಇಂಥವರಿಗೆ ಬದಲಿ ವಿಷಯವಿರಲಿ. ಉತ್ತರ ಪತ್ರಿಕೆಗಳ ಬಂಡಲ್ ನಾಳೆ ಬೆಳಿಗ್ಗೆ ಹತ್ತಕ್ಕೆ ನಿಮ್ಮಲ್ಲಿಗೆ ಹೊರಡುತ್ತದೆ.

ಗುರುಮಲ್ಲಪ್ಪ
ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕ