ಬಾಲ ಬಿಟ್ಟ ಕೈ

ಭಾನುವಾರ, ಮಧ್ಯಾಹ್ನ

ನನ್ನ ಜಗಳಗಂಟಿ ಮಗಳೇ,

ಇಲ್ಲಿ ನಾನೂ ನಿನ್ನ ಅಪ್ಪನೂ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯಂತೆ, ಹಾಸ್ಟೆಲಿನ ಊಟ ಮಾತ್ರ ಚೆನ್ನಾಗಿಲ್ಲವಂತೆ; ನಿನ್ನ ಅಪ್ಪ ಹೇಳಿದರು. ಅವರು ಮಾಡಿದರೆ ಫೋನ್ ಎತ್ತುತ್ತೀಯಲ್ಲ. ನಾನು ಪಕ್ಕದಲ್ಲಿ ಪೇಪರ್ ಹಿಡಿದುಕೊಂಡು ಕಿವಿಯನ್ನೆಲ್ಲ ಅತ್ತಲೇ ಇಟ್ಟಿರುತ್ತೇನೆ. ಅದು ಗೊತ್ತಿದ್ದೇ ಅವರು ಎದ್ದು ಬಾಲ್ಕನಿಗೆ ಹೋಗಿಬಿಡುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ತಾಯಿ ಮಗಳ ಜಗಳದಲ್ಲಿ ಅಪ್ಪನಿಗೆ ಎಲ್ಲಿಲ್ಲದ ಬೆಲೆ ಬಂದಿದೆ.

ರಜೆ ಮುಗಿಸಿ ಹೊರಟ ದಿನ ನೀನು ಬಾಗಿಲಲ್ಲಿ ನಿಂತು, ಆ ಇಲಿ ಕೊಲ್ಲೋ ಕೆಲಸ ಬಿಡೋ ತನಕ ನನ್ನ ಹತ್ರ ಮಾತಾಡಬೇಡ ಅಂದೆ. ಚೀಲ ಹೆಗಲಿಗೇರಿಸಿ ದಡದಡ ಮೆಟ್ಟಿಲಿಳಿದೆ. ಮೊದಮೊದಲು ನನಗೂ ಸಿಟ್ಟು ನೆತ್ತಿಗೇರಿತ್ತು. ಎಷ್ಟು ದಿನ ಮಾತು ಬಿಡ್ತಾಳೋ ನೋಡೇಬಿಡೋಣ ಅಂತ ಬಿಗಿದುಕೊಂಡಿದ್ದೆ. ಆಮೇಲೆ ಸಿಟ್ಟು ಇಳಿಯಿತು, ಮಗಳು ಮಾತ್ರ ಫೋನ್ ಎತ್ತಲಿಲ್ಲ. ನಿನ್ನ ದನಿ ಕೇಳದೆ ಮನೆ ಬಿಕೋ ಅನ್ನುತ್ತಿದೆ. ಅದಕ್ಕೇ ಈ ಕಾಗದ. ಫೋನಾದರೆ ಅರ್ಧಕ್ಕೆ ಇಟ್ಟುಬಿಡುತ್ತೀಯ. ಕಾಗದ ಕೈಗೆ ಬಂದ ಮೇಲೆ ಓದದೆ ಇರುವ ಜಾಯಮಾನ ನಿನ್ನದಲ್ಲ.

ಮೊದಲೇ ಹೇಳಿಬಿಡುತ್ತೇನೆ, ಕೆಲಸ ಬಿಟ್ಟಿಲ್ಲ. ಬಿಡುವುದೂ ಇಲ್ಲ. ನಮ್ಮ ಪ್ರಯೋಗಾಲಯದ ಪ್ರಾಣಿಮನೆಯಲ್ಲಿ ಇಲಿಗಳು ಸಾಯುವುದಿಲ್ಲ ಅಂತ ನಿನ್ನ ಹತ್ತಿರ ಸುಳ್ಳು ಹೇಳುವುದೂ ಇಲ್ಲ. ಸಾಯುತ್ತವೆ. ಅಂಥ ದಿನ ನನಗೆ ಊಟ ಸೇರುವುದಿಲ್ಲ. ನೀನು ಚಿಕ್ಕವಳಿದ್ದಾಗ ತಲೆನೋವು ಅಂತ ಹೇಳಿ ಮಲಗುತ್ತಿದ್ದೆನಲ್ಲ, ಅದು ಇದೇ ತಲೆನೋವು. ಆದರೆ ಪ್ರಯೋಗಗಳು ನಡೆಯುವ ತನಕ ಅವು ಅಲ್ಲಿರುತ್ತವೆ. ಇರುವಷ್ಟು ದಿನ ಹೇಗಿರಬೇಕು ಅನ್ನುವುದನ್ನು ನೋಡಿಕೊಳ್ಳಲಿಕ್ಕೇ ನನ್ನಂಥ ಪಶುವೈದ್ಯೆಯನ್ನು ಇಟ್ಟುಕೊಂಡಿರುವುದು. ನಾನು ಬಿಟ್ಟು ಬಂದರೆ ಇಲಿಗಳೇನೂ ಗಂಟುಮೂಟೆ ಕಟ್ಟಿಕೊಂಡು ನನ್ನ ಹಿಂದೆ ಬರುವುದಿಲ್ಲ.

ಅವತ್ತು ನೀನು, ಪ್ರಾಣಿಗಳ ಪರ ಹೋರಾಡುವ ನಿಮ್ಮ ಗುಂಪಿನ ವಿಡಿಯೋ ತೋರಿಸಿ ಇನ್ನೊಂದು ಮಾತು ಕೇಳಿದ್ದೆ. ಬಾಲ ಹಿಡಿದು ಎತ್ತುವಾಗ ಒಂದು ದಿನವಾದ್ರೂ ಅದರ ಮುಖ ನೋಡಿದ್ದೀಯಾ ಅಮ್ಮಾ ಅಂತ. ಬಿಳಿ ಸುಂಡಿಲಿಗಳನ್ನು ನಾವು ಮೊದಲಿಂದಲೂ ಎತ್ತುತ್ತಿದ್ದದ್ದು ಹಾಗೆಯೇ, ಸೌಟಿನ ಹಿಡಿ ಹಿಡಿದ ಹಾಗೆ. ಮರುದಿನ ಸಿಟ್ಟಿನಲ್ಲೇ ಹೋಗಿ ನೋಡಿದೆ. ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಎಲ್ಲವೂ ಮೂಲೆಗೆ ಓಡಿ ಒಂದರ ಮೇಲೊಂದು ಬಿದ್ದವು. ಬಾಲಕ್ಕೆ ಕೈ ತಾಗಿತೋ ಇಲ್ಲವೋ, ಒಂದು ಉಚ್ಚೆ ಹೊಯ್ದುಕೊಂಡಿತು. ಎತ್ತಿ ಮುಖ ನೋಡಿದೆ. ಕಣ್ಣು ಕಿರಿದು ಮಾಡಿಕೊಂಡು, ಕಿವಿ ಹಿಂದಕ್ಕೆ ಎಳೆದುಕೊಂಡು ನಡುಗುತ್ತಿತ್ತು. ನೀನು ಕೇಳಿದ್ದು ಸರಿ ಅಂತ ಅಲ್ಲೇ ಗೊತ್ತಾಯಿತು, ನಿನಗೆ ಹೇಳಲು ಬಿಗುಮಾನ ಅಡ್ಡ ಬಂತು.

ಕೆಲವು ಕಡೆ ಕೊಳವೆಯಲ್ಲಿ ಎತ್ತುತ್ತಾರೆ ಅಂತ ಓದಿದ್ದೆ. ಪೆಟ್ಟಿಗೆಯಲ್ಲೇ ಒಂದು ಕೊಳವೆ ಇಟ್ಟಿರುವುದು, ಇಲಿ ತಾನಾಗಿ ಅದರೊಳಗೆ ನಡೆದುಹೋಗುತ್ತದೆ, ಕೊಳವೆ ಸಮೇತ ಎತ್ತಿಕೊಳ್ಳುವುದು. ಜೊತೆಗೆ ಗೂಡು ಕಟ್ಟಿಕೊಳ್ಳಲು ಒಂದಿಷ್ಟು ಕಾಗದದ ಎಳೆಗಳು. ಇಲ್ಲೂ ಹಾಗೇ ಮಾಡೋಣ ಅಂತ ನಮ್ಮ ನಿರ್ದೇಶಕಿಯ ಬೆನ್ನು ಹತ್ತಿದೆ. ಅವರು, ಅರ್ಧ ಕೋಣೆಗಳಲ್ಲಿ ಮಾಡಿ ನೋಡಿ, ಆದ್ರೆ ಯಾರದ್ದಾದ್ರೂ ಪ್ರಯೋಗ ಕೆಟ್ರೆ ಎಲ್ಲಾ ತೆಗೆಸಿಬಿಡ್ತೀನಿ ಅಂದರು.

ಗಂಟುಮೋರೆ ಮಾಮ ನೆನಪಿದ್ದಾರಲ್ಲ, ಪೆಟ್ಟಿಗೆ ತೊಳೆದು ಇಲಿಗಳಿಗೆ ಊಟ ಹಾಕುವವರು, ಅವರನ್ನು ಕಂಡರೆ ನೀನು ನನ್ನ ಬೆನ್ನ ಹಿಂದೆ ಅಡಗುತ್ತಿದ್ದೆ. ಮೊದಲ ತಕರಾರು ಅವರದ್ದೇ. ದೇವರು ಬಾಲ ಕೊಟ್ಟಿರೋದೇ ಹಿಡ್ಕೊಳ್ಳೋಕೆ ಮೇಡಂ ಅಂದರು. ಹಾಗಾದ್ರೆ ನಿಮಗೆ ಕಿವಿ ಯಾಕೆ ಕೊಟ್ಟಿದ್ದಾನೆ, ಹಿಡಿದು ಎತ್ಲಾ ಅಂತ ಕೇಳಿದೆ. ಗೊಣಗುತ್ತಾ ಕೊಳವೆ ಇಟ್ಟರು. ಇಲಿಗಳು ಒಳಗೆ ಹೋದವು ಸರಿ, ಹೊರಗೆ ಬರಲು ಒಲ್ಲೆ ಅಂದವು. ಬಾಡಿಗೆದಾರರಿಗಿಂತ ಕಡೆ ಇವು, ಒಂದ್ಸಲ ಸೇರಿಕೊಂಡ್ರೆ ಖಾಲಿ ಮಾಡಲ್ಲ ಅಂತ ಮಾಮನ ರಗಳೆಯೋ ರಗಳೆ. ಆದರೆ ಕ್ರಮೇಣ ಮುಚ್ಚಳ ತೆಗೆದರೆ ಇಲಿಗಳು ಓಡುವುದನ್ನು ಬಿಟ್ಟು, ಯಾರು ಬಂದ್ರು ಅಂತ ಮೂಗೆತ್ತಿ ನೋಡತೊಡಗಿದವು. ಒಂದು ದಿನ ಪಕ್ಕದ ಕೋಣೆಯಲ್ಲಿ ಮಾಮ ದೊಡ್ಡ ಜಾತಿಯ ಒಂದು ಇಲಿಯನ್ನು ಅಂಗಾತ ಮಲಗಿಸಿ ಹೊಟ್ಟೆಗೆ ಕಚಗುಳಿ ಇಡುತ್ತಿದ್ದುದನ್ನು ಕಣ್ಣಾರೆ ಕಂಡೆ. ನನ್ನನ್ನು ನೋಡಿ ತಬ್ಬಿಬ್ಬಾಗಿ, ಹೊಟ್ಟೆ ಕೊಳೆ ಆಗಿತ್ತು, ಒರೆಸ್ತಿದ್ದೆ ಅಂದರು. ಕಚಗುಳಿ ಇಟ್ಟರೆ ಆ ದೊಡ್ಡ ಇಲಿಗಳು ನಮ್ಮ ಕಿವಿಗೆ ಬೀಳದಷ್ಟು ಸಣ್ಣ ದನಿಯಲ್ಲಿ ಚಿಲಿಪಿಲಿ ಅನ್ನುತ್ತವೆ. ಅವು ನಗುತ್ತವೆಯೋ ಇಲ್ಲವೋ, ಮಾಮನ ಮುಖದಲ್ಲಿ ನಗು ಕಂಡದ್ದು ನನ್ನ ಪಾಲಿಗೆ ಅದೇ ಮೊದಲು.

ಅಷ್ಟರಲ್ಲಿ ಗ್ರಹಚಾರ ವಕ್ಕರಿಸಿತು. ನಮ್ಮಲ್ಲಿ ಭಯ ಕಡಿಮೆ ಮಾಡುವ ಔಷಧಿ ಹುಡುಕುತ್ತಿರುವ ಒಬ್ಬ ವಿಜ್ಞಾನಿ ಇದ್ದಾರೆ. ಅವರ ಪರೀಕ್ಷೆಗೆ ಎತ್ತರದಲ್ಲಿ ಒಂದು ಹಲಗೆ ಇದೆ. ಅದರ ಅರ್ಧಕ್ಕೆ ಎರಡೂ ಕಡೆ ಗೋಡೆ, ಇನ್ನರ್ಧ ಬಯಲು. ಹೆದರಿದ ಇಲಿ ಗೋಡೆಗಳ ನಡುವೆ ಮುದುಡಿ ಕೂರುತ್ತದೆ, ಔಷಧಿ ಬಿದ್ದ ಇಲಿ ಧೈರ್ಯ ಮಾಡಿ ಬಯಲಿಗೆ ಬರುತ್ತದೆ. ಈ ಸಲ ಅವರು ನಮ್ಮ ಕೊಳವೆಯ ಇಲಿಗಳನ್ನು ಬಿಟ್ಟಿದ್ದಾರೆ. ಔಷಧಿ ಕೊಟ್ಟದ್ದೂ ಕೊಡದ್ದೂ ಎಲ್ಲ ಸೇರಿ ಬಯಲಿನಲ್ಲಿ ವಾಯುವಿಹಾರ ಹೊರಟಿವೆ. ವಿಜ್ಞಾನಿ ನನ್ನ ಕೋಣೆಗೆ ನುಗ್ಗಿ, ನಿಮ್ಮ ಕೊಳವೆ ನನ್ನ ಔಷಧಿನೇ ನೀರು ಮಾಡಿಬಿಡ್ತು ಅಂತ ಕೂಗಾಡಿದರು. ನಿರ್ದೇಶಕಿ, ಸೋಮವಾರದೊಳಗೆ ಎಲ್ಲಾ ತೆಗೆಸಿ ಅಂತ ಹೇಳಿ ಕಳಿಸಿದರು.

ಅವತ್ತು ನಾನು ನಿಜಕ್ಕೂ ಕೆಲಸ ಬಿಡಲು ಹೊರಟಿದ್ದೆ. ನಿನಗೋಸ್ಕರ ಅಲ್ಲ. ಕೊಟ್ಟ ಕೊಳವೆಯನ್ನು ನನ್ನ ಕೈಯಾರೆ ಕಿತ್ತುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ನಿನ್ನ ಅಪ್ಪ ಚಹಾ ತಂದುಕೊಟ್ಟು, ಬಿಡೋದಾದ್ರೆ ಬಿಡು, ಜಗಳ ಆಡಿಯಾದ್ರೂ ಬಿಡು, ಮಗಳು ಯಾರನ್ನ ನೋಡಿ ಕಲಿತಳು ಅಂದ್ಕೊಂಡಿದ್ದೀಯ ಅಂದರು.

ಆಡಿದೆ. ಎದುರಿನ ಕೋಣೆಯ ಇಲಿಗಳನ್ನೂ ನಮ್ಮ ಇಲಿಗಳನ್ನೂ ಯಾವ ಔಷಧಿಯೂ ಇಲ್ಲದೆ ಒಮ್ಮೆ ಹಲಗೆಗೆ ಬಿಡಿ, ಆಮೇಲೆ ಬೇಕಾದ್ರೆ ತೆಗೆಸ್ತೀನಿ ಅಂತ ವಿಜ್ಞಾನಿಯ ಮುಂದೆ ಪಟ್ಟು ಹಿಡಿದೆ. ಎರಡೂ ಒಟ್ಟಿಗೆ ಬಂದ, ಒಂದೇ ವಯಸ್ಸಿನ ಇಲಿಗಳು. ಎದುರಿನ ಕೋಣೆಯವನ್ನು ಮಾತ್ರ ಇನ್ನೂ ಬಾಲ ಹಿಡಿದೇ ಎತ್ತುತ್ತಿದ್ದರು. ಆ ಕೋಣೆಯ ಕೆಲಸದವರು ರಜೆಯಲ್ಲಿದ್ದರು, ಮಾಮನನ್ನು ಕರೆದೆವು. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನು ಬಾಲಕ್ಕೆ ನನ್ನ ಕೈ ಏಳಲ್ಲ, ಬೇಕಾದ್ರೆ ನನ್ನನ್ನೇ ಹಲಗೆ ಹತ್ತಿಸಿ ಅಂದರು. ಕೊನೆಗೆ ವಿಜ್ಞಾನಿಯೇ ಅವನ್ನು ಬಾಲ ಹಿಡಿದು, ನಮ್ಮವನ್ನು ಕೊಳವೆಯಲ್ಲಿ ಎತ್ತಿ ಬಿಟ್ಟರು. ಬಾಲದವು ಗೋಡೆಗಳ ನಡುವೆ ಹೋಗಿ ಕಲ್ಲಿನಂತೆ ಕೂತವು. ಕೊಳವೆಯವು ಮೂಸುತ್ತಾ ಮೂಸುತ್ತಾ ಬಯಲಿಗೆ ಬಂದವು. ಒಂದಂತೂ ತುದಿಯಲ್ಲಿ ಕೂತು ನಿಧಾನವಾಗಿ ಮುಖ ತೊಳೆದುಕೊಂಡಿತು.

ವಿಜ್ಞಾನಿ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ನಗಲು ಶುರು ಮಾಡಿದರು. ಇಷ್ಟು ವರ್ಷ ಮಗುನೂ ಚಿವುಟಿ ತೊಟ್ಟಿಲೂ ತೂಗಿದೆನಲ್ರೀ, ನನ್ನ ಔಷಧಿ ವಾಸಿ ಮಾಡ್ತಿದ್ದಿದ್ದು ನನ್ನ ಕೈ ತಂದ ಭಯವನ್ನೇ ಅಂದರು. ಅವರ ಕೆಲಸ ಮೊದಲಿಂದ ಶುರುವಾಗಬೇಕು, ಪಾಪ. ಆದರೂ ಅವರೇ ನಿರ್ದೇಶಕಿಯ ಹತ್ತಿರ ಹೋಗಿ, ಕೊಳವೆ ತೆಗೆಸೋದಾದ್ರೆ ನನ್ನನ್ನೂ ತೆಗೆಸಿ ಅಂದರಂತೆ. ಹೆದರದ ಇಲಿಗಳ ಫಲಿತಾಂಶ ಅಷ್ಟು ಏರುಪೇರಾಗುವುದಿಲ್ಲ, ಮುಂದಿನ ಪ್ರಯೋಗಕ್ಕೆ ಕಡಿಮೆ ಇಲಿಗಳು ಸಾಕಾಗಬಹುದು ಅನ್ನುವುದು ಅವರ ಅಂದಾಜು. ಕಡಿಮೆ ಅಂದರೆ ಒಂದೂ ಬೇಡ ಅಂತಲ್ಲ. ನೀನು ಅದನ್ನೇ ಹಿಡಿದುಕೊಂಡು ಕೇಳುತ್ತೀಯ, ನನಗೆ ಗೊತ್ತು. ಕೇಳು. ಕೇಳುತ್ತಲೇ ಇರು.

ಇಷ್ಟೆಲ್ಲ ನಡೆದದ್ದು ನೀನು ಬಾಯಿ ಬಿಟ್ಟು ಕೇಳಿದ ಒಂದು ಪ್ರಶ್ನೆಯಿಂದ. ನನಗೆ ನಿನ್ನ ಮೇಲೆ ಹೆಮ್ಮೆ ಇದೆ, ಸಿಟ್ಟೂ ಇದೆ. ಹೊತ್ತು ಹೊತ್ತಿಗೆ ಊಟ ಮಾಡು, ತಲೆ ಒದ್ದೆ ಮಾಡಿಕೊಂಡು ಮಲಗಬೇಡ.

ನೀನು ಮಾತು ಬಿಟ್ಟರೂ ನಿನ್ನನ್ನು ಬಿಡದ,
ಅಮ್ಮ

ತಾ.ಕ.: ಒಂದು ವಿಷಯವನ್ನು ಮೇಲೆ ಬರೆಯಲಿಲ್ಲ, ಬರೆದಿದ್ದರೆ ಉಳಿದದ್ದನ್ನು ಓದುತ್ತಿರಲಿಲ್ಲ. ಎಲ್ಲ ಕೋಣೆಗಳಿಗೂ ಕೊಳವೆ ಹಾಕಿಸಲು ನಿರ್ದೇಶಕಿ ಒಪ್ಪಿದ್ದಾರೆ. ಆದರೆ ಮೊದಲು ಹೊರಗಿನವರು ಬಂದು ಇಡೀ ಪ್ರಾಣಿಮನೆ ನೋಡಿ ಹೇಳಬೇಕು, ನಮ್ಮ ಮುಲಾಜಿಗೆ ಬೀಳದವರು ಬೇಕು ಅಂದರು. ನಾನು ನಿಮ್ಮ ಗುಂಪಿನ ಹೆಸರು ಕೊಟ್ಟೆ. ಅದರಲ್ಲಿ ನನ್ನ ಮಗಳೂ ಇದ್ದಾಳೆ, ಆಮೇಲೆ ಆಕ್ಷೇಪ ಬರಬಾರದು ಅಂತ ಅದನ್ನೂ ಹೇಳಿದೆ. ಒಳ್ಳೇದೇ ಆಯ್ತು, ತಾಯಿ ತಪ್ಪನ್ನ ಮಗಳಷ್ಟು ಚೆನ್ನಾಗಿ ಇನ್ಯಾರು ಹುಡುಕ್ತಾರೆ ಅಂದರು. ಈ ವಾರ ನಿಮ್ಮ ಗುಂಪಿಗೆ ಕರೆ ಬರುತ್ತದೆ. ಬಾ. ಯಾವ ಬಾಗಿಲನ್ನೂ ಮುಚ್ಚಿಡುವುದಿಲ್ಲ, ಇಲಿಗಳು ಸಾಯುವ ಕೋಣೆಯದನ್ನೂ. ನೋಡಿದ ಮೇಲೆ ಬಾಯಿಗೆ ಬಂದ ಹಾಗೆ ಬಯ್ಯಿ. ಬಯ್ಯಬೇಕಾದರೆ ನನ್ನ ಹತ್ತಿರ ಮಾತಾಡಲೇಬೇಕಲ್ಲ.