ಅಕ್ಕನಿಗೆ, ಕುಂಬಳಬೀಜದ ವಿಷಯ

ಅಕ್ಕಾ,

ಓದಲು ನೀನಿಲ್ಲ. ಆದರೂ ಮನೆಯ ಸುದ್ದಿಯನ್ನು ಮೊದಲು ನಿನಗೇ ಹೇಳಿ ಅಭ್ಯಾಸ. ಇವತ್ತು ನನ್ನ ರಿಪೋರ್ಟ್ ಬಂತು. ನಿನ್ನ ಎದೆಯಲ್ಲಿ ಬಂದ ಗಡ್ಡೆಯೇ ನನಗೂ ಬಂದಿದೆ. ಆಗಲೇ ಕಂಕುಳಿಗೂ ಹಬ್ಬಿದೆಯಂತೆ.

ಊಟದಲ್ಲಿ ಸತು, ಸೆಲೆನಿಯಂನಂಥ ಖನಿಜಗಳು ಕಡಿಮೆಯಾದರೆ ಹೆಂಗಸರಿಗೆ ಈ ಕಾಯಿಲೆ ಬರುತ್ತದೆ ಎಂದು ನೀನು ಹೋದ ಮೇಲೆ ಎಲ್ಲೋ ಓದಿದ್ದೆ. ಅಂದಿನಿಂದ ದಿನಾ ಕುಂಬಳಬೀಜ, ಮೀನು, ಮೊಟ್ಟೆ ತಪ್ಪಿಸಲಿಲ್ಲ. "ನಾನು ಕಟ್ಟಿಕೊಂಡಿದ್ದು ಹೆಂಡತೀನೋ ಗಿಳೀನೋ?" ಎಂದು ನಮ್ಮ ಮನೆಯವರು ನಗುತ್ತಿದ್ದರು. ಹೊಲಿಗೆ ಅಂಗಡಿಯಲ್ಲಿ, ನಿನ್ನ ಮಿಷನ್ನಿನ ಮುಂದೆಯೇ ಕೂತು, "ಅಕ್ಕ ಮಧ್ಯಾಹ್ನ ಬರೀ ಟೀ ಕುಡಿದು ಹೊಲೀತಿದ್ಲು, ಅದಕ್ಕೇ ಹಾಗಾಯ್ತು" ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿನ್ನ ಮಗಳಿಗೂ ಹೇಳಿದ್ದೆ.

ಡಾಕ್ಟರಮ್ಮನಿಗೆ ನಿನ್ನ ವಿಷಯವನ್ನೂ ಹೇಳಿ, "ನಾನು ಇನ್ನೇನು ತಿನ್ನಬೇಕಿತ್ತು?" ಎಂದು ಕೇಳಿದೆ.

"ಇದನ್ನ ತಿಂದ್ರೆ ಬರಲ್ಲ, ಬಿಟ್ರೆ ಬರುತ್ತೆ ಅಂತ ಯಾರೂ ಖಚಿತವಾಗಿ ಹೇಳಕ್ಕಾಗಲ್ಲಮ್ಮ. ನಿಮ್ಮಕ್ಕ ಊಟ ಬಿಟ್ಟಿದ್ದಕ್ಕೇ ಬಂತು ಅಂತಾನೂ ಅನ್ನಬೇಡಿ."

ಸಂಜೆ ನಿನ್ನ ಮಗಳು ಫೋನ್ ಮಾಡಿದಳು. ವಿಷಯ ಕೇಳಿ ಬಹಳ ಹೊತ್ತು ಅತ್ತಳು. ಆಮೇಲೆ, "ಚಿಕ್ಕಮ್ಮ, ನೀನು ಹೇಳಿದ್ದೆಲ್ಲಾ ತಿಂತಾನೇ ಇದ್ದೀನಲ್ಲಾ, ಇನ್ನೇನು ತಿನ್ನಲಿ?" ಎಂದಳು.

"ಹಸಿದಾಗ ಹೊಟ್ಟೆ ತುಂಬ ಊಟ ಮಾಡು, ಪುಟ್ಟಿ" ಎಂದೆ.

ಇನ್ನೂ ಏನೋ ಹೇಳುತ್ತೇನೆಂದು ಅವಳು ಕಾದಳು. ನಿನ್ನ ಊಟದ ಬಗ್ಗೆ ನಾನು ಹೇಳುತ್ತಿದ್ದುದು ತಪ್ಪು ಎಂಬುದನ್ನು ಮಾತ್ರ ಹೇಳದೇ ಉಳಿಸಿಕೊಂಡೆ ಅಕ್ಕಾ. ಕೊನೆಗೆ ಫೋನ್ ಇಟ್ಟವಳು ಅವಳೇ.